ನಾದಿನಿಯ ಸಾಕ್ಷಿ

ನನ್ನ ಮೊದಲ ಕಪ್ಪು ಕೋಟನ್ನು ಹೊಲಿದುಕೊಟ್ಟವರು ನಿಪ್ಪಾಣಿಯ ಒಬ್ಬ ದರ್ಜಿ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ನನ್ನ ಎಡಗಾಲು ಬೆಳೆಯದೆ ಉಳಿದಿದೆ. ಬಗಲಲ್ಲಿ ಊರುಗೋಲು ಇಟ್ಟುಕೊಂಡು ನಡೆದು ನಡೆದು ಆ ಕಡೆಯ ಹೆಗಲು ಮೇಲೆದ್ದಿದೆ. ಅಳತೆ ತೆಗೆದುಕೊಳ್ಳುವಾಗ ದರ್ಜಿ ಏನೂ ಕೇಳಲಿಲ್ಲ, ಪಾಪ ಎನ್ನಲೂ ಇಲ್ಲ. ಎರಡು ಹೆಗಲಿಗೂ ಬೇರೆ ಬೇರೆ ಅಳತೆ ತೆಗೆದುಕೊಂಡರು. ಊರುಗೋಲು ತಾಗುವ ಕಡೆ ಒಳಗಿನಿಂದ ಇನ್ನೊಂದು ಪದರ ಬಟ್ಟೆ ಕೊಟ್ಟರು. ಆ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ಎರಡೂ ಹೆಗಲು ಒಂದೇ ಸಮನಾಗಿ ಕಂಡವು. ಆಗ ನನಗಾದ ಸಂತೋಷವನ್ನು ನೆನೆದರೆ ಈಗ ನಗು ಬರುತ್ತದೆ, ಏಕೆಂದರೆ ಕೋರ್ಟಿನಲ್ಲಿ ಹೆಗಲನ್ನು ಯಾರೂ ನೋಡಲಿಲ್ಲ, ಎಲ್ಲರೂ ಊರುಗೋಲನ್ನೇ ನೋಡಿದರು.

ನಮ್ಮೂರು ಉಗಾರ ಬುದ್ರುಕ. ಅಪ್ಪ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಅವ್ವ ಬೇರೆಯವರ ಕಬ್ಬಿನ ಹೊಲದಲ್ಲಿ ಕಳೆ ತೆಗೆಯಲು ಹೋಗುತ್ತಿದ್ದಳು. ನಡುಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ಪುಸ್ತಕ ಹಿಡಿದ ನೀಲಿ ಕೋಟಿನವರ ಪಟ. ಆ ಪಟಗಳ ಕೆಳಗೆ ಕೂತು ಓದಬೇಕೆಂದು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಅಪ್ಪ ಸೈಕಲ್ಲಿನ ಕ್ಯಾರಿಯರ್‌ಗೆ ಗೋಣಿಚೀಲ ಮಡಿಚಿ ಕಟ್ಟಿ, ಅದರ ಮೇಲೆ ನನ್ನನ್ನು ಕೂರಿಸಿಕೊಂಡು ಸಾಲೆಗೆ ಬಿಟ್ಟುಬರುತ್ತಿದ್ದ. ನಾನು ಮಾಸ್ತರಿಣಿಯಾಗಲಿ ಎಂಬುದು ಅವನ ಆಸೆ. ಕೂತು ಮಾಡುವ ಕೆಲಸ, ಮಕ್ಕಳು ನಮಸ್ಕಾರ ಹೇಳುತ್ತಾರೆ, ಪಗಾರವೂ ಪಕ್ಕಾ ಎನ್ನುತ್ತಿದ್ದ.

ನಾನು ವಕೀಲಿಕೆಯ ಕಡೆ ಹೊರಳಿದ್ದು ಅಪ್ಪನ ಗೆಳೆಯನೊಬ್ಬನಿಂದ. ಆತನೂ ಲೈನ್‌ಮನ್. ಮಳೆಗಾಲದಲ್ಲಿ ಕಂಬದಿಂದ ಬಿದ್ದು ಬಲಗೈ ಕಳೆದುಕೊಂಡ. ಇನ್ನು ನೌಕರಿ ಹೋದಂತೆಯೇ ಎಂದು ಮನೆಯಲ್ಲಿ ಕುಸಿದು ಕೂತಿದ್ದ. ಅಪ್ಪ ಅವನನ್ನು ಒಬ್ಬ ವಕೀಲರ ಹತ್ತಿರ ಕರೆದುಕೊಂಡು ಹೋದ. ದುಡಿಯುವಾಗ ಅಂಗ ಊನವಾದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ಮಾಡಬಲ್ಲ ಬೇರೆ ಕೆಲಸ ಕೊಡಬೇಕು ಎಂದು ಕಾಯ್ದೆಯೇ ಇದೆ ಎಂದು ಆ ವಕೀಲರು ತಿಳಿಸಿ, ಅರ್ಜಿ ಬರೆದುಕೊಟ್ಟರು. ಗೆಳೆಯನಿಗೆ ಕಚೇರಿಯಲ್ಲಿ ಫೋನಿಗೆ ಉತ್ತರ ಕೊಡುವ ಕೆಲಸ ಸಿಕ್ಕಿತು. ಅಪ್ಪ ಅದನ್ನು ಅವ್ವನಿಗೆ ಹೇಳುತ್ತಿದ್ದಾಗ ನಾನು ರೊಟ್ಟಿ ತಿನ್ನುವುದನ್ನು ಬಿಟ್ಟು ಕೇಳಿಸಿಕೊಂಡೆ. ನಮ್ಮಂಥವರ ಬಗ್ಗೆ ಎಲ್ಲೋ ಒಂದು ಕಡೆ ಬರೆದಿಟ್ಟಿದ್ದಾರೆ, ಓದಿದವರಿಗೆ ಅದು ಸಿಗುತ್ತದೆ ಎಂಬುದು ನನಗೆ ಅಷ್ಟು ದೊಡ್ಡ ಸುದ್ದಿಯಾಗಿತ್ತು.

ಬೆಳಗಾವಿಯಲ್ಲಿ ಕಾನೂನು ಓದಿ ಚಿಕ್ಕೋಡಿಗೆ ಬಂದು ಒಬ್ಬ ಹಿರಿಯ ವಕೀಲರ ಹತ್ತಿರ ಸೇರಿದೆ. ಆಗಷ್ಟೇ ಹೊಸ ಶತಮಾನ ಶುರುವಾಗಿತ್ತು. ನನ್ನ ಕಾಲಿಗೆ ತ್ರಾಸಾಗಬಾರದೆಂದು ಹಿರಿಯರು ಮೊದಮೊದಲು ಕೂತು ಮಾಡುವ ಕೆಲಸವನ್ನಷ್ಟೇ ಕೊಟ್ಟರು. ಸ್ವಲ್ಪ ಕಾಲ ಸುಮ್ಮನಿದ್ದು, ಆಮೇಲೆ ನಿಂತು ಮಾಡುವ ಕೆಲಸ ಬೇಕೆಂದು ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, ಹಾಗಾದರೆ ನಾಳೆಯಿಂದ ಕೋರ್ಟಿಗೆ ಬಾ ಎಂದರು. ಆ ವಿಷಯದಲ್ಲಿ ನಮ್ಮ ನಡುವೆ ಅಷ್ಟೇ ಮಾತು ನಡೆದದ್ದು.

ಅಂಗವಿಕಲರ ಕೆಲಸವನ್ನೇ ಮಾಡುತ್ತೇನೆಂದು ನಾನೇನೂ ನಿಶ್ಚಯ ಮಾಡಿಕೊಂಡಿರಲಿಲ್ಲ. ಅವರಾಗಿಯೇ ಬಂದರು. ಮಹಡಿ ಹತ್ತುವುದು ತಪ್ಪಲೆಂದು ನನ್ನ ಮೇಜನ್ನು ರಸ್ತೆಗೆ ತೆರೆದ ಕೆಳಗಿನ ಕೋಣೆಯಲ್ಲಿ ಹಾಕಿಸಿಕೊಂಡಿದ್ದೆ. ಮೂರುಗಾಲಿ ಸೈಕಲ್ಲಿನವರು ಬಾಗಿಲಿಗೇ ಗಾಡಿ ತಂದು ನಿಲ್ಲಿಸಬಹುದಾಗಿತ್ತು. ಕೋಲಿನ ವಕೀಲಬಾಯಿ ಎಂಬ ಹೆಸರು ಬಿತ್ತು. ಕೊಗನೊಳ್ಳಿಯಿಂದ ಬಂದ ಒಬ್ಬ ಕುರುಡ ಹಾರ್ಮೋನಿಯಂ ಮಾಸ್ತರರು ಬ್ಯಾಂಕಿನಲ್ಲಿ ತಮ್ಮದೇ ಖಾತೆ ತೆರೆಯಬೇಕೆಂದರು. ರಾಯಬಾಗದ ಹುಡುಗಿಯೊಬ್ಬಳಿಗೆ ಪರೀಕ್ಷೆಯಲ್ಲಿ ಆಕೆ ಹೇಳಿದ್ದನ್ನು ಬರೆಯುವ ಸಹಾಯಕರು ಬೇಕಾಗಿದ್ದರು. ಕಾಯ್ದೆಯ ಪುಸ್ತಕ ತೆರೆದು ತೋರಿಸಿ ಒಂದು ಮಾತು ಹೇಳಿದರೆ ಎಷ್ಟೋ ಕೆಲಸ ಕೋರ್ಟಿಗೆ ಹೋಗದೆಯೇ ಮುಗಿಯುತ್ತಿದ್ದವು. ಆ ಪುಸ್ತಕದ ಬೆನ್ನು ಕಿತ್ತುಹೋಗಿ, ಅವ್ವ ಗೋಧಿಹಿಟ್ಟಿನ ಅಂಟು ಹಾಕಿ ಕೂಡಿಸಿಕೊಟ್ಟಿದ್ದಳು.

ಅಥಣಿಯಲ್ಲಿ ಅಂಗವಿಕಲರ ಸಂಘವೊಂದು ಸಭೆ ಕರೆದಿತ್ತು. ಕಾನೂನಿನ ಬಗ್ಗೆ ನಾಲ್ಕು ಮಾತು ಹೇಳಲು ಹೋಗಿದ್ದೆ. ಸಭೆ ಮುಗಿದ ಮೇಲೆ ಇಬ್ಬರು ಹೆಂಗಸರು ಗೋಡೆಗೆ ಒರಗಿ ನಿಂತಿದ್ದರು. ಒಬ್ಬರು ಮಧ್ಯವಯಸ್ಸಿನವರು, ತಲೆಯ ಮೇಲೆ ಸೆರಗು. ಇನ್ನೊಬ್ಬಳಿಗೆ ಮೂವತ್ತರ ಆಸುಪಾಸು, ಹಸಿರು ಸೀರೆ, ದಿಟ್ಟವಾದ ಕಣ್ಣು. ಹಿರಿಯಾಕೆ ಮುಂದೆ ಬಂದು, ತಾವು ಸತ್ತಿಯವರೆಂದೂ, ಬಳೆ ಕೊಳ್ಳುತ್ತೇವೆಂದು ಮನೆಯಲ್ಲಿ ಹೇಳಿ ಬಂದಿರುವುದಾಗಿಯೂ ತಿಳಿಸಿದರು. ಜೊತೆಗಿದ್ದವಳು ಅವರ ಗಂಡನ ತಂಗಿ, ಹುಟ್ಟಿನಿಂದ ಕಿವಿ ಕೇಳದು, ಮಾತು ಬರದು. ಅತ್ತಿಗೆಗೆ ನಮ್ಮ ಕಡೆ ವೈನಿ ಎನ್ನುತ್ತೇವೆ. ಆ ದಿನದಿಂದ ಹಿರಿಯಾಕೆ ನನಗೂ ವೈನಿಯಾದರು. ಕಿರಿಯಾಕೆಯನ್ನು ನಾನು ಮನಸ್ಸಿನಲ್ಲಿ ನಾದಿನಿ ಎಂದೇ ಕರೆಯುತ್ತಿದ್ದೆ.

ಅವರದು ಕಬ್ಬು ಮತ್ತು ದ್ರಾಕ್ಷಿಯ ದೊಡ್ಡ ಒಕ್ಕಲುತನ. ಮಾವ ತೀರಿಕೊಂಡ ಮೇಲೆ ಕಿರಿಯ ಮಗ ತನ್ನ ಪಾಲು ಕೇಳಿ ದಾವೆ ಹಾಕಿದ್ದ. ಹೊಲದಲ್ಲಿ ತಂಗಿಗೂ ಪಾಲಿತ್ತು. ವೈನಿಯ ಗಂಡ, ಅಂದರೆ ಹಿರಿಯ ಅಣ್ಣ, ಕೋರ್ಟಿಗೆ ಒಂದು ಅರ್ಜಿ ಕೊಟ್ಟಿದ್ದರು: ತಂಗಿಗೆ ಕಿವಿ ಬಾಯಿ ಇಲ್ಲ, ಬುದ್ಧಿಯೂ ಬೆಳೆದಿಲ್ಲ, ಆಕೆಗೆ ಯಾವುದೂ ತಿಳಿಯುವುದಿಲ್ಲ, ಆಕೆಯ ಪರವಾಗಿ ನಾನೇ ನಿಲ್ಲುತ್ತೇನೆ. ಕೋರ್ಟು ಒಪ್ಪಿದರೆ ಆಕೆಯ ಪಾಲಿನ ಹೊಲದ ಬಗ್ಗೆ ಇನ್ನು ಮುಂದೆ ಅಣ್ಣನ ಸಹಿಯೇ ನಡೆಯುತ್ತಿತ್ತು.

ಗಂಡನ ವಿರುದ್ಧ ನೀವೇಕೆ ಬಂದಿರಿ ಎಂದು ವೈನಿಯನ್ನು ಕೇಳಿದೆ. ನಾದಿನಿ ಅವರ ಮುಖವನ್ನೇ ನೋಡುತ್ತ ಮೊಣಕೈಯಿಂದ ತಿವಿದಳು.

"ನಾ ಮಿರಜ ಕಡೆಯಾಕಿ, ಅಕ್ಕಾರ," ಎಂದರು ವೈನಿ. "ಲಗ್ನಾ ಆಗಿ ಬಂದಾಗ ನಂಗ ಕನ್ನಡದ್ದ ಒಂದ ಮಾತ ಬರ್ತಿದ್ದಿಲ್ಲ. ಅತ್ತಿ ಹೇಳಿದ್ದ ತಿಳೀತಿದ್ದಿಲ್ಲ, ಓಣ್ಯಾಗಿನವ್ರು ನಗತಿದ್ರು. ಇಕಿ ಆವಾಗ ಸಣ್ಣ ಹುಡುಗಿ. ನನ್ನ ಕೈ ಹಿಡಕೊಂಡು ಹಿಟ್ಟಿನ ಡಬ್ಬಿ ಎಲ್ಲೈತಿ, ಯಾವ ಎಮ್ಮಿ ಒದಿತೈತಿ, ಎಲ್ಲಾ ಕೈಯಿಂದನ ತೋರಿಸಿದ್ಲು. ಆ ಮನ್ಯಾಗ ನನ್ನ ಜೋಡಿ ಮೊದಲ ಮಾತಾಡಿದಾಕಿ ಇಕೀನ ರೀ. ಇಕೀಗಿ ಏನೂ ತಿಳಿಯೂದಿಲ್ಲಾ ಅಂತ ಬರದ್ರ, ನಾ ಹೆಂಗ ಸುಮ್ಮನ ಕುಂಡ್ರಲಿ?"

ಒಬ್ಬಳಿಗೆ ಊರಿನ ಭಾಷೆ ಬಾರದು, ಇನ್ನೊಬ್ಬಳಿಗೆ ಯಾವ ಭಾಷೆಯೂ ಕೇಳದು. ಇಬ್ಬರೂ ಸೇರಿ ಅಡುಗೆಮನೆಯಲ್ಲಿ, ದ್ರಾಕ್ಷಿ ತೋಟದಲ್ಲಿ ತಮ್ಮದೇ ಒಂದು ಕೈಮಾತು ಕಟ್ಟಿಕೊಂಡಿದ್ದರು. ನಾದಿನಿ ಸಾಲೆಯ ಮೆಟ್ಟಿಲು ತುಳಿದವಳಲ್ಲ. ಜಗತ್ತಿನಲ್ಲಿ ಆಕೆಯ ಮಾತು ಪೂರ್ತಿ ತಿಳಿಯುವ ಒಬ್ಬರೇ ಒಬ್ಬರೆಂದರೆ ವೈನಿ. ನಾನು ದಾವೆಯ ವಿಷಯವನ್ನು ವಿವರಿಸಿದೆ, ವೈನಿ ಕೈಯಲ್ಲಿ ಅದನ್ನು ಆಡಿದರು. ನಾದಿನಿ ಗಮನವಿಟ್ಟು ನೋಡಿ, ನನ್ನ ಕಡೆ ತಿರುಗಿ, ನನ್ನ ಊರುಗೋಲನ್ನು ಮುಟ್ಟಿ, ನನ್ನ ಕೋಟನ್ನು ಮುಟ್ಟಿ, ತಲೆಯಾಡಿಸಿದಳು. ವಕೀಲರು ನೀವೇ ಆಗಬೇಕಂತೆ ಎಂದು ವೈನಿ ಹೇಳಿದರು.

ನಾನು ನಾದಿನಿಯ ಪರ ವಕಾಲತ್ತು ಹಾಕಿದ್ದು ಕೋರ್ಟಿನಿಂದ ತಿಳಿದ ಮೇಲೆ ಹಿರಿಯ ಅಣ್ಣ ನೇರವಾಗಿ ನಮ್ಮ ಕಚೇರಿಗೇ ಬಂದರು. ಎತ್ತರದ ಆಳು, ಬಿಳಿ ಅಂಗಿ, ಬಿಳಿ ಪೈಜಾಮ. ಕೂಗಾಡಬಹುದೆಂದು ನಾನು ಗಟ್ಟಿಯಾಗಿ ಕೂತಿದ್ದೆ. ಅವರು ಕೂಗಾಡಲಿಲ್ಲ. ಹಿರಿಯ ವಕೀಲರು ಚಹಾ ತರಿಸಿದರು. ಅವರು ಅದನ್ನು ಮುಟ್ಟಲಿಲ್ಲ.

"ನಾ ಏನ ತಂಗೀ ಪಾಲ ತಿನ್ನಾಕ ಹೊಂಟೀನೇನ್ರಿ?" ಎಂದರು. "ದೀಪಾವಳಿಗಿ ಮನ್ಯಾಗ ಎಲ್ಲಾರಕಿಂತ ಮೊದಲ ಅಕೀಗಿ ಸೀರಿ ತರತೀನಿ. ನಾಳೆ ಯಾವನರೆ ಬಂದು, ಸಿಹಿ ತಿನಿಸಿ, ಹೆಬ್ಬಟ್ಟ ಒತ್ತಿಸಿಕೊಂಡು ಹ್ವಾದ್ರ? ಆವಾಗ ನಿಮ್ಮ ಕಾಯ್ದೆ ಬರತೈತೇನ್ರಿ ಅಕೀಗಿ ಕೂಳ ಹಾಕಾಕ?"

ಅವರ ಮಾತು ನನಗೆ ಸುಳ್ಳೆನಿಸಲಿಲ್ಲ. ಅದೇ ನನಗೆ ಕಷ್ಟವಾಯಿತು. ಕೆಟ್ಟವನೊಬ್ಬ ಎದುರಿಗಿದ್ದರೆ ವಾದ ಸುಲಭ. ಇವರು ತಂಗಿಯ ಮೇಲಿನ ಕಾಳಜಿಯಿಂದಲೇ ಆಕೆಯನ್ನು ಬುದ್ಧಿಯಿಲ್ಲದವಳು ಎಂದು ಬರೆಸಿದ್ದರು. ನೀವು ಆಕೆಯನ್ನು ಒಂದು ಸಲ ಕೇಳಿದ್ದೀರಾ ಎಂದೆ. ಏನಂತ ಕೇಳಲಿ, ಹೆಂಗ ಕೇಳಲಿ ಎಂದು ಎದ್ದು ಹೋದರು.

ಅವರು ಹೋದ ಮೇಲೆ ಹಿರಿಯ ವಕೀಲರು ನನಗೊಂದು ಮಾತು ಹೇಳಿದರು: "ನೀ ಭಾಳ ವಾದ ಮಾಡಬ್ಯಾಡವಾ. ಜಡ್ಜ ಸಾಹೇಬ್ರು ಅಕಿನ್ನ ನೋಡೂಹಂಗ ಮಾಡು, ಸಾಕು." ನಾನು ಬರೆದಿಟ್ಟುಕೊಂಡಿದ್ದ ಉದ್ದನೆಯ ವಾದವನ್ನು ಅರ್ಧಕ್ಕೆ ಇಳಿಸಿದೆ.

ವಿಚಾರಣೆಗೆ ಮೊದಲು ವೈನಿ ಮತ್ತು ನಾದಿನಿ ಒಂದೆರಡು ಸಲ ಚಿಕ್ಕೋಡಿಗೆ ಬಂದುಹೋದರು. ಮನೆಯಲ್ಲಿ ಹೇಗಿದೆ ಎಂದು ವೈನಿಯನ್ನು ಕೇಳಿದರೆ, ಅಡುಗೆ ಮಾಡಿ ಬಡಿಸುತ್ತೇನೆ, ಅವರು ಉಂಡು ಏಳುತ್ತಾರೆ, ಮಾತಿಲ್ಲ ಎಂದರು. ಗಂಡ ಬೈದರೆ ಎಂದು ಹೆದರಿದ್ದರಂತೆ, ಬೈಯದೇ ಇದ್ದದ್ದು ಇನ್ನೂ ಹೆಚ್ಚು ತ್ರಾಸು ಕೊಡುತ್ತಿತ್ತಂತೆ. ನಾನು ಅವರಿಂದ ಕೆಲವು ಕೈಮಾತು ಕಲಿಯಲು ನೋಡಿದೆ. ದ್ರಾಕ್ಷಿಗೆ ಬೆರಳ ತುದಿಗಳನ್ನು ಗೊಂಚಲು ಮಾಡಿ ಕೆಳಗೆ ಬಿಡುವುದು. ಅಣ್ಣನಿಗೆ ಮೀಸೆ ತಿರುವುವುದು. ನನಗೂ ಒಂದು ಹೆಸರು ಇಟ್ಟಿದ್ದಳು: ಬಗಲಿಗೆ ಮುಷ್ಟಿ ಒತ್ತಿ, ಗದ್ದ ಮೇಲೆತ್ತುವುದು. ಗದ್ದ ಯಾಕೆ ಎಂದು ಕೇಳಿದೆ. ನಾನು ಮಾತಾಡುವಾಗ ಹಾಗೆ ಎತ್ತುತ್ತೇನಂತೆ. ನನಗೇ ಅದು ಗೊತ್ತಿರಲಿಲ್ಲ.

ವಿಚಾರಣೆಯ ದಿನ ಕೋರ್ಟಿನ ಕೋಣೆ ತುಂಬಿತ್ತು. ಮೂಕಿ ಸಾಕ್ಷಿ ಹೇಳುತ್ತಾಳಂತೆ ಎಂದು ಬೇರೆ ಕೆಲಸಕ್ಕೆ ಬಂದವರೂ ಒಳಗೆ ನುಗ್ಗಿದ್ದರು. ನ್ಯಾಯಾಧೀಶರು ಮೈಸೂರು ಕಡೆಯವರು, ನಮ್ಮ ಭಾಗಕ್ಕೆ ಹೊಸಬರು. ಅವರಿಗೆ ನಮ್ಮ ಕನ್ನಡವೇ ಒಮ್ಮೊಮ್ಮೆ ತಿಳಿಯುತ್ತಿರಲಿಲ್ಲ. ಹೀಗಾಗಿ ನಾದಿನಿಯ ಕೈಯಿಂದ ವೈನಿಯ ಮರಾಠಿ ಬೆರೆತ ಕನ್ನಡಕ್ಕೆ, ಅಲ್ಲಿಂದ ಬೆಂಚ್ ಕ್ಲರ್ಕಿನ ಕನ್ನಡಕ್ಕೆ, ಅಲ್ಲಿಂದ ಸಾಹೇಬರ ಕಿವಿಗೆ, ಹೀಗೆ ಮಾತು ಮೂರು ಕಡೆ ಇಳಿದು ಹತ್ತಿ ಹೋಗಬೇಕಾಗಿತ್ತು.

ಮೊದಲ ತೊಡಕು ಪ್ರಮಾಣ ಮಾಡಿಸುವಾಗಲೇ ಬಂತು. ಸತ್ಯವನ್ನೇ ಹೇಳಬೇಕು ಎಂಬುದು ಆಕೆಗೆ ಗೊತ್ತಾ, ಕೇಳಿ ಎಂದರು ಸಾಹೇಬರು. ವೈನಿ ಒಂದು ಕ್ಷಣ ತಡವರಿಸಿದರು. ಅವರ ಕೈಮಾತಿನಲ್ಲಿ ಸತ್ಯ ಎಂಬ ಮಾತಿರಲಿಲ್ಲ. ಆಮೇಲೆ ವೈನಿ ಕೈಯಲ್ಲಿ ಒಂದು ಚಂಬು ಹಿಡಿದಂತೆ ಮಾಡಿ, ಅದನ್ನು ಬಗ್ಗಿಸಿ, ಏನೋ ಸುರಿಯುವಂತೆ ತೋರಿಸಿ, ಹುಬ್ಬು ಹಾರಿಸಿದರು. ನಾದಿನಿಗೆ ಸಿಟ್ಟೇ ಬಂದಂತೆ ಕಂಡಿತು. ಆಕೆ ಅದೇ ಚಂಬನ್ನು ಗಾಳಿಯಲ್ಲಿ ಹಿಡಿದು, ಪಕ್ಕಕ್ಕೆ ಎಸೆದು, ಅಂಗೈಯನ್ನು ಎದೆಗೆ ಒತ್ತಿಕೊಂಡಳು.

"ನೀರ ಹಾಕೂದಿಲ್ಲಾ ಅನ್ನಾಕತ್ತಾಳ್ರಿ," ಎಂದರು ವೈನಿ.

ಸಾಹೇಬರು ಹಾಗೆಂದರೇನು ಎಂಬಂತೆ ಕ್ಲರ್ಕಿನತ್ತ ನೋಡಿದರು. ವೈನಿಯೇ ಬಿಡಿಸಿ ಹೇಳಿದರು. ಹಿಂದೆ ಅವರ ಓಣಿಗೆ ಹಾಲು ಹಾಕುತ್ತಿದ್ದವನೊಬ್ಬ ನೀರು ಬೆರೆಸುತ್ತಿದ್ದ, ಅದನ್ನು ಕಂಡುಹಿಡಿದವಳು ಸಣ್ಣ ಹುಡುಗಿಯಾಗಿದ್ದ ಈ ನಾದಿನಿಯೇ. ಅಂದಿನಿಂದ ಇವರಿಬ್ಬರ ನಡುವೆ ಸುಳ್ಳು ಹೇಳುವುದಕ್ಕೆ ನೀರು ಸುರಿಯುವುದೇ ಸನ್ನೆ. ಸಾಹೇಬರು ಲೇಖನಿ ಕೆಳಗಿಟ್ಟು ನಾದಿನಿಯನ್ನು ನೋಡಿದರು. ಹಿರಿಯರು ಹೇಳಿದ್ದು ಇದನ್ನೇ ಎಂದುಕೊಂಡೆ. ಅಲ್ಲಿಯವರೆಗೆ ಸಾಹೇಬರು ಬರಿಯ ವೈನಿಯನ್ನೇ ನೋಡುತ್ತಿದ್ದರು.

ಅಣ್ಣನ ಪರ ವಕೀಲರು ಎದ್ದರು. ಅನುಭವಸ್ಥರು, ಒಳ್ಳೆಯ ಮಾತುಗಾರರು. ಈ ಸನ್ನೆಗಳು ಯಾವ ಪುಸ್ತಕದಲ್ಲೂ ಇಲ್ಲ, ಈ ಅಮ್ಮ ತಮ್ಮ ಮನಸ್ಸಿಗೆ ಬಂದದ್ದನ್ನೇ ಹೇಳುತ್ತಿರಬಹುದು, ಅದನ್ನು ಪರೀಕ್ಷಿಸುವುದು ಹೇಗೆ ಎಂದರು. ಆ ಆಕ್ಷೇಪಣೆ ಸರಿಯಾಗಿಯೇ ಇತ್ತು. ನಾನು ನಿಂತು, ಪರೀಕ್ಷಿಸಿಯೇ ನೋಡೋಣ ಸ್ವಾಮಿ ಎಂದೆ. ವೈನಿಯವರನ್ನು ಹೊರಗೆ ಕಳಿಸಿ, ನಾದಿನಿಯ ಎದುರು ಏನಾದರೂ ಮಾಡಿ ತೋರಿಸಲಿ. ಆಮೇಲೆ ವೈನಿ ಬಂದು ನಾದಿನಿಯಿಂದಲೇ ಅದನ್ನು ತಿಳಿದು ಹೇಳಲಿ. ಸಾಹೇಬರು ಒಪ್ಪಿದರು. ಏನು ಮಾಡಬೇಕೆಂಬುದನ್ನು ಎದುರು ವಕೀಲರಿಗೇ ಬಿಟ್ಟರು.

ವೈನಿ ಹೊರಗೆ ವರಾಂಡದ ಆ ಕೊನೆಗೆ ಹೋದರು. ಬಾಗಿಲು ಮುಚ್ಚಿತು. ಎದುರು ವಕೀಲರು ಕನ್ನಡಕ ತೆಗೆದು ಕೋಟಿನ ಕಿಸೆಯಲ್ಲಿ ಇಟ್ಟರು. ನೀರಿನ ಬಾಟಲಿ ಎತ್ತಿ ಒಂದು ಗುಟುಕು ಕುಡಿದು, ಅದನ್ನು ಕ್ಲರ್ಕಿನ ಮೇಜಿನ ಮೇಲಿಟ್ಟರು. ಕ್ಲರ್ಕಿನ ಪೆನ್ನು ತೆಗೆದು ತಮ್ಮ ಕಕ್ಷಿದಾರನ, ಅಂದರೆ ಅಣ್ಣನ ಕೈಗೆ ಕೊಟ್ಟರು. ಹೋಗಿ ತಮ್ಮ ಜಾಗದಲ್ಲಿ ಕೂತರು. ನಾದಿನಿ ಕಟಕಟೆಯ ಕಂಬಿ ಹಿಡಿದು ಎಲ್ಲವನ್ನೂ ನೋಡುತ್ತಿದ್ದಳು, ಜಾದೂ ಮಾಡುವವನನ್ನು ನೋಡುವಂತೆ.

ವೈನಿ ಒಳಗೆ ಬಂದರು. ನಾದಿನಿಯ ಕೈಗಳು ಓಡಿದವು. ವೈನಿ ಒಮ್ಮೆ ತಡೆದು, ಮತ್ತೆ ಕೇಳಿ, ಸಾಹೇಬರ ಕಡೆ ತಿರುಗಿ ಹೇಳಿದರು: "ಈ ವಕೀಲ ಸಾಹೇಬ್ರು ಚಸ್ಮಾ ತಗದು ಕಿಸೇದಾಗ ಇಟ್ಟಾರಂತ್ರಿ. ನೀರ ಕುಡದು ಬಾಟ್ಲಿ ಅಲ್ಲಿಟ್ಟಾರಂತ. ಆ ಕ್ಲರ್ಕ ಅಣ್ಣಾರ ಪೆನ್ನ ತಗೊಂಡು..." ಇಲ್ಲಿ ವೈನಿಯ ದನಿ ಸಣ್ಣದಾಯಿತು, "ನಮ್ಮ ಮನೀಯವರ ಕೈಯಾಗ ಕೊಟ್ಟಾರಂತ್ರಿ."

ಆದರೆ ನಾದಿನಿ ಇನ್ನೂ ಮುಗಿಸಿರಲಿಲ್ಲ. ಆಕೆ ವೈನಿಯ ತೋಳು ಎಳೆದು ಇನ್ನೂ ಏನೋ ತೋರಿಸಿದಳು. ಹೇಳಲೋ ಬೇಡವೋ ಎಂದು ವೈನಿ ನನ್ನತ್ತ ನೋಡಿದರು. ಹೇಳಿ ಎಂದು ಸಾಹೇಬರೇ ಅಂದರು. ವಕೀಲರ ಕೋಟಿಗೆ ಒಂದು ಗುಂಡಿ ಇಲ್ಲವಂತೆ, ಬಿಚ್ಚಿ ಕೊಟ್ಟರೆ ಈಗಲೇ ಹಚ್ಚಿಕೊಡುತ್ತಾಳಂತೆ. ಮೊದಲು ನಕ್ಕವರು ಎದುರು ವಕೀಲರೇ. ಆಮೇಲೆ ಸಾಹೇಬರೂ ನಕ್ಕರು. ಎಲ್ಲರೂ ನಗುವುದನ್ನು ಕಂಡು ನಾದಿನಿ ಖುಷಿಯಾಗಿ ಸುತ್ತ ನೋಡಿದಳು. ಅಷ್ಟು ಜನ ತನ್ನ ಮಾತಿಗೆ ನಕ್ಕಿದ್ದು ಆಕೆಗೆ ಅದೇ ಮೊದಲಿರಬೇಕು.

ನಂತರದ ಪ್ರಶ್ನೆಗಳು ಸಲೀಸಾಗಿ ನಡೆದವು. ದಾವೆ ಯಾವುದರ ಬಗ್ಗೆ ಎಂದು ಕೇಳಿದಾಗ, ಆಕೆ ಗಾಳಿಯಲ್ಲಿ ಒಂದು ದೊಡ್ಡ ಹೊಲ ಬರೆದು, ಅದನ್ನು ಕೊಯ್ದು, ಒಂದೊಂದನ್ನು ಒಬ್ಬೊಬ್ಬರ ಕಡೆ ತಳ್ಳಿ, ಕೊನೆಯದನ್ನು ತನ್ನ ಕಡೆ ಎಳೆದುಕೊಂಡಳು. ಪಾಲು ಬಂದರೆ ಏನು ಮಾಡುತ್ತೀ ಎಂದು ಸಾಹೇಬರು ಕೇಳಿದರು. ದ್ರಾಕ್ಷಿಯ ಕಡೆಯ ಹೊಲ ಬೇಕು, ಕಬ್ಬು ಬೇಡ. ಅಣ್ಣನೇ ಉಳುಮೆ ಮಾಡಿಸಲಿ, ಔಷಧಿ ಹೊಡೆಸಲಿ. ಆದರೆ ಹೆಬ್ಬೆಟ್ಟು ಒತ್ತುವಾಗ ತನ್ನ ಹೆಬ್ಬೆಟ್ಟನ್ನು ತಾನೇ ಒತ್ತಬೇಕು. ಇದನ್ನು ಹೇಳುವಾಗ ಆಕೆ ತನ್ನ ಹೆಬ್ಬೆರಳನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಿದ್ದಳು. ಯಾರಾದರೂ ಮೋಸ ಮಾಡಿ ಒತ್ತಿಸಿಕೊಂಡರೆ ಎಂದು ಎದುರು ವಕೀಲರು ಕೇಳಿದರು. ವೈನಿಯನ್ನು ಕೇಳಿಯೇ ಒತ್ತುತ್ತೇನೆ ಎಂದಳು. ಸ್ವಲ್ಪ ತಡೆದು ಮೀಸೆ ತಿರುವಿ, ಅಣ್ಣನನ್ನೂ ಕೇಳುತ್ತೇನೆ ಎಂದಳು. ಮತ್ತೆ ತಡೆದು ಇನ್ನೊಂದು ಮಾತು ಸೇರಿಸಿದಳು: ಆದರೆ ಅಣ್ಣನಿಗೆ ನನ್ನ ಮಾತು ಬರುವುದಿಲ್ಲ.

ವೈನಿ ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಅಣ್ಣ ತಲೆ ತಗ್ಗಿಸಿದ್ದರು. ಕ್ಲರ್ಕಿನ ಪೆನ್ನು ಇನ್ನೂ ಅವರ ಕೈಯಲ್ಲೇ ಇತ್ತು.

ನನ್ನ ಅರ್ಧ ವಾದವನ್ನೂ ನಾನು ಪೂರ್ತಿ ಓದಬೇಕಾಗಲಿಲ್ಲ. ಕೆಲವು ದಿನಗಳ ಮೇಲೆ ಆದೇಶ ಬಂತು. ಈಕೆಗೆ ಕಿವಿ ಕೇಳದಿರಬಹುದು, ಆದರೆ ತಿಳಿವಳಿಕೆಗೆ ಯಾವ ಕೊರತೆಯೂ ಇಲ್ಲ, ದಾವೆಯಲ್ಲಿ ಆಕೆ ತನ್ನ ಪರವಾಗಿ ತಾನೇ ನಿಲ್ಲಬಹುದು ಎಂದು ಸಾಹೇಬರು ಬರೆದಿದ್ದರು. ಅಣ್ಣನ ಅರ್ಜಿ ವಜಾ ಆಯಿತು.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ವಿಚಾರಣೆಯ ದಿನದ ಸಂಜೆ. ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಅಣ್ಣ ತಮ್ಮ ಜೀಪಿನ ಪಕ್ಕದಲ್ಲಿ ನಿಂತಿದ್ದರು. ವೈನಿ ಬಸ್ ಸ್ಟ್ಯಾಂಡಿನ ಕಡೆ ಹೋಗಲೋ ಜೀಪಿನ ಕಡೆ ಹೋಗಲೋ ತಿಳಿಯದೆ ನನ್ನ ಜೊತೆ ನಿಂತಿದ್ದರು. ಏನಾದರೂ ಮಾತು ಬೆಳೆದರೆ ಇರಲಿ ಎಂದು ನಾನೂ ಊರುಗೋಲು ಊರಿಕೊಂಡು ಅಲ್ಲೇ ಇದ್ದೆ. ಅಣ್ಣ ನಮ್ಮತ್ತ ಬಂದರು. ಹೆಂಡತಿಯನ್ನು ನೋಡಲಿಲ್ಲ, ನನ್ನನ್ನು ನೋಡಿ ಮಾತಾಡಿದರು.

"ಅಕ್ಕಾರ, ಆ ನೀರ ಸುರಿಯೂ ಸನ್ನಿ ನಂಗ ಗೊತ್ತಽ ಇದ್ದಿಲ್ಲ ನೋಡ್ರಿ," ಎಂದರು. "ನಮ್ಮ ಮನ್ಯಾಗ ಇಷ್ಟೆಲ್ಲಾ ಮಾತ ನಡೀತಾವು ಅಂತ ನಂಗ ಗೊತ್ತಿದ್ದಿಲ್ಲ."

ಅವರು ಜೀಪಿನ ಹಿಂದಿನ ಬಾಗಿಲು ತೆಗೆದರು. ನಾದಿನಿ ಮೊದಲು ಹತ್ತಿ ಕೂತು, ವೈನಿಗೆ ಜಾಗ ಮಾಡಿ, ಸೀಟನ್ನು ತಟ್ಟಿ ತೋರಿಸಿದಳು. ವೈನಿ ಹತ್ತಿದರು.

ದಾವೆಯ ಉಳಿದ ಭಾಗವನ್ನು ಅಣ್ಣತಮ್ಮಂದಿರು ಕೂತು ಮಾತಾಡಿ ಮುಗಿಸಿಕೊಂಡರು. ನಾದಿನಿಗೆ ಕೇಳಿದಂತೆಯೇ ದ್ರಾಕ್ಷಿಯ ಕಡೆಯ ಪಾಲು ಬಂತು. ಆ ಕಾಗದಕ್ಕೆ ಆಕೆ ಹೆಬ್ಬೆಟ್ಟು ಒತ್ತುವಾಗ ನಾನು ಪಕ್ಕದಲ್ಲಿದ್ದೆ. ಒತ್ತಿದ ಮೇಲೆ ಹೆಬ್ಬೆರಳಿನ ಮಸಿಯನ್ನು ಒರೆಸಿಕೊಳ್ಳದೆ ಮನೆಗೆ ಹೋದಳು.

ಆ ದಾವೆಯ ಸುದ್ದಿ ನಮ್ಮ ಭಾಗದಲ್ಲಿ ಹರಡಿತು. ಕಾಗವಾಡ, ರಾಯಬಾಗ, ನಿಪ್ಪಾಣಿಗಳಿಂದ ಕಿವಿ ಕೇಳದವರನ್ನು ಕರೆದುಕೊಂಡು ಜನ ಬರತೊಡಗಿದರು. ಪ್ರತಿಯೊಬ್ಬರಿಗೂ ಒಬ್ಬ ವೈನಿ ಇರುವುದಿಲ್ಲ ಎಂಬುದು ನನಗೆ ಆಗ ತಿಳಿಯಿತು. ಹಾಗಾಗಿ ಕೋರ್ಟಿಗೆ ಬೇಸಿಗೆ ರಜೆ ಇದ್ದಾಗ ಬೆಳಗಾವಿಗೆ ಹೋಗಿ, ಕಿವುಡ ಮಕ್ಕಳಿಗೆ ಪಾಠ ಹೇಳುವ ಒಬ್ಬ ಶಿಕ್ಷಕಿಯಿಂದ ಸಂಜ್ಞೆಯ ಭಾಷೆ ಕಲಿತೆ. ನನ್ನ ಬೆರಳು ಹೊರಳುವುದು ನಿಧಾನ, ಮಕ್ಕಳು ನನ್ನನ್ನು ನೋಡಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಊರುಗೋಲು ಬಗಲಲ್ಲಿದ್ದರೆ ಒಂದು ಕೈ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಕೈಮಾತಾಡಬೇಕಾದಾಗ ನಾನು ಗೋಡೆಗೆ ಒರಗಿ ನಿಲ್ಲುತ್ತೇನೆ. ಮುಂದೆ ಹೊಸ ಕಾಯ್ದೆ ಬಂತು, ಮೊದಲಿಗಿಂತ ಹೆಚ್ಚು ಹಕ್ಕುಗಳನ್ನು ಬರೆದರು. ಹೊಸ ಪುಸ್ತಕ ಕೊಂಡದ್ದರಿಂದ ಅವ್ವನಿಗೆ ಹಳೆಯದನ್ನು ಅಂಟಿಸುವ ಕೆಲಸ ತಪ್ಪಿತು. ನನ್ನ ಕೈಕೆಳಗೆ ಇಬ್ಬರು ಹುಡುಗಿಯರು ವಕೀಲಿಕೆ ಕಲಿಯುತ್ತಿದ್ದಾರೆ. ಒಬ್ಬಳಿಗೆ ಕಣ್ಣು ಕಾಣುವುದಿಲ್ಲ, ಕಂಪ್ಯೂಟರು ಆಕೆಗೆ ಕಾಗದಗಳನ್ನು ಓದಿ ಹೇಳುತ್ತದೆ. ಕಚೇರಿ ಈಗಲೂ ರಸ್ತೆಗೆ ತೆರೆದ ಕೆಳಗಿನ ಕೋಣೆಯಲ್ಲೇ ಇದೆ.

ಕೆಲವು ವರ್ಷಗಳ ಹಿಂದೆ ಒಣದ್ರಾಕ್ಷಿಯ ಹಂಗಾಮಿನಲ್ಲಿ ಸತ್ತಿಗೆ ಊಟಕ್ಕೆ ಕರೆದರು. ನಾನು ಹೋದಾಗ ನಾದಿನಿ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಆಳುಗಳ ನಡುವೆ ಇದ್ದಳು. ಬಲೆಯ ಅಟ್ಟಗಳ ಮೇಲೆ ದ್ರಾಕ್ಷಿ ಹರವಿದ್ದರು, ಹಸಿರು ಬಣ್ಣ ಆಗಲೇ ಹಳದಿಗೆ ತಿರುಗಿತ್ತು. ನಾನು ಬೆಳಗಾವಿಯಲ್ಲಿ ಕಲಿತ ಸಂಜ್ಞೆಯನ್ನು ಆಕೆಯ ಮುಂದೆ ಆಡಿ ತೋರಿಸಿದೆ. ಅದನ್ನು ನೋಡಿ ಆಕೆ ನಕ್ಕು ನಕ್ಕು ಕೆಳಗೆ ಕೂತಳು. ಆಮೇಲೆ ಒಂದೊಂದಾಗಿ ನನ್ನಿಂದ ಕಲಿತಳು, ಬದಲಿಗೆ ತನ್ನದನ್ನು ಕಲಿಸಿದಳು.

ಊಟಕ್ಕೆ ಕೂತಾಗ ಅಣ್ಣನೂ ತಂಗಿಯೂ ಜಗಳಕ್ಕೆ ಬಿದ್ದರು. ಶೆಡ್ಡಿಗೆ ಇನ್ನೊಂದು ಅಟ್ಟ ಏರಿಸಬೇಕೆಂದು ತಂಗಿ, ಈ ವರ್ಷ ಬೇಡವೆಂದು ಅಣ್ಣ. ಜಗಳವೆಲ್ಲ ಕೈಯಲ್ಲೇ. ಅಣ್ಣನ ಕೈಮಾತು ಇನ್ನೂ ಸರಿಯಾಗಿ ಪಳಗಿರಲಿಲ್ಲ, ಬೆರಳು ದಪ್ಪ, ಗೊಂಚಲು ಮಾಡಲು ಹೋದರೆ ಮುಷ್ಟಿಯಾಗುತ್ತಿತ್ತು. ತಪ್ಪು ಮಾಡಿದಾಗಲೆಲ್ಲ ತಂಗಿ ಅವರ ಬೆರಳು ಹಿಡಿದು ತಿದ್ದಿ, ಆಮೇಲೆ ಜಗಳ ಮುಂದುವರಿಸುತ್ತಿದ್ದಳು. ವೈನಿ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತ, ಇವರಿಬ್ಬರ ಜಗಳಕ್ಕೆ ಈಗ ನಾನು ನಡುವೆ ಹೋಗುವುದೇ ಇಲ್ಲ ಎಂದರು.

ಈಗ ನಾದಿನಿಯ ಹತ್ತಿರ ದೊಡ್ಡ ಪರದೆಯ ಫೋನಿದೆ. ಮುಖ ಕಾಣುವ ಕರೆ ಬಂದ ಮೇಲೆ ಆಕೆಗೂ ಫೋನು ಉಪಯೋಗಕ್ಕೆ ಬಂತು. ನಾನು ಕಚೇರಿಯಲ್ಲಿ ಕಕ್ಷಿದಾರರ ನಡುವೆ ಕೂತಿರುವಾಗ ಆಕೆಯ ಕರೆ ಬರುತ್ತದೆ. ಎತ್ತದಿದ್ದರೆ ಬಿಡುವುದಿಲ್ಲ. ಮೊನ್ನೆ ಎತ್ತಿದಾಗ, ಬಗಲಿಗೆ ಮುಷ್ಟಿ ಒತ್ತಿ ಗದ್ದ ಎತ್ತಿ ನನ್ನ ಹೆಸರು ಹೇಳಿ, ಶೆಡ್ಡನ್ನು ತಿರುಗಿಸಿ ತೋರಿಸಿದಳು. ಹೊಸ ಅಟ್ಟ ಏರಿತ್ತು. ಅದರ ಕೆಳಗೆ ಅಣ್ಣ, ಆಳೊಬ್ಬ ಹತ್ತಿದ್ದ ಏಣಿ ಹಿಡಿದುಕೊಂಡು ನಿಂತಿದ್ದರು. ನನ್ನನ್ನು ಕಂಡು ಕೈ ಎತ್ತಿ ನಮಸ್ಕಾರ ಮಾಡಲು ಹೋಗಿ, ಏಣಿ ಅಲುಗಿತೆಂದು ತಂಗಿಯಿಂದ ಬೈಸಿಕೊಂಡರು.